ಓಟಿಯಲ್ಲಿ ಸಿ-ಆರ್ಮ್ ಪಕ್ಕ ನಿಂತು ಕಲಿತದ್ದು

ನಾನು ಎಕ್ಸ್‌ರೇ ಟೆಕ್ನಿಷಿಯನ್. ದಾವಣಗೆರೆ ಕಡೆಯ ಒಂದು ಆಸ್ಪತ್ರೆಯಲ್ಲಿ ಕೆಲಸ. ಬೆಳಿಗ್ಗೆಯೆಲ್ಲ ಎದೆ, ಸೊಂಟ, ಮಂಡಿ ಅಂತ ಫಿಲಂ ತೆಗೆಯುತ್ತೇನೆ. ಮಧ್ಯಾಹ್ನದ ಮೇಲೆ ಮೂಳೆ ಡಾಕ್ಟರ ಜೊತೆ ಓಟಿಯಲ್ಲಿ, ಅಂದರೆ ಆಪರೇಷನ್ ಕೋಣೆಯಲ್ಲಿ, ಸಿ-ಆರ್ಮ್ ನಡೆಸುತ್ತೇನೆ. ಆಪರೇಷನ್ ನಡೆಯುತ್ತಿರುವಾಗಲೇ ಒಳಗಿನ ಮೂಳೆಯನ್ನು ಪರದೆಯಲ್ಲಿ ತೋರಿಸುವ ಎಕ್ಸ್‌ರೇ ಯಂತ್ರ ಅದು. ನೆಂಟರ ಮನೆಗೆ ಹೋದರೆ ಕೇಳುವುದು ಒಂದೇ: "ದಿನಾ ಎಕ್ಸ್‌ರೇ ಮಧ್ಯೆನೇ ಇರ್ತೀಯಲ್ಲ, ಏನೂ ಆಗಲ್ವಾ?" ಆಗಬಹುದು. ಆಗದ ಹಾಗೆ ನೋಡಿಕೊಳ್ಳುವುದೂ ಈ ಕೆಲಸದಲ್ಲೇ ಸೇರಿದೆ.

ಜನರಿಗೆ ಹೆದರಿಕೆ ಇದೆ, ಆದರೆ ಹೆದರಬೇಕಾದ ಕಡೆ ಇಲ್ಲ. ಎದೆಯ ಒಂದು ಫಿಲಂಗೆ ಮೈಗೆ ಬೀಳುವುದು 0.1 ಮಿಲಿಸೀವರ್ಟ್ (ಮೈಗೆ ಬೀಳುವ ವಿಕಿರಣವನ್ನು ಅಳೆಯುವ ಲೆಕ್ಕ ಇದು) ಅಥವಾ ಅದಕ್ಕಿಂತ ಕಡಿಮೆ. ಮಣ್ಣು, ಬಂಡೆ, ಗಾಳಿ, ಆಕಾಶದಿಂದ ಸುಮ್ನೆ ಕೂತವರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬೀಳುತ್ತದೆ. ಹೊಟ್ಟೆಯ ಸಿಟಿ ಸ್ಕ್ಯಾನ್ ಆದರೆ ಲೆಕ್ಕ ಬೇರೆ, ಸುಮಾರು 8ರಿಂದ 10. "ಮೈಯಾಗೆ ಏನೂ ಉಳಿಯಲ್ಲ ತಾನೆ ಅಪ್ಪಾ?" ಎಂದು ಅಜ್ಜಿಯರು ಕೇಳುತ್ತಾರೆ. ಉಳಿಯಲ್ಲ. ಲೈಟ್ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದಾ? ಸ್ವಿಚ್ ಬಿಟ್ಟ ಕ್ಷಣ ಎಕ್ಸ್‌ರೇ ಮುಗಿಯಿತು.

ಉಳಿಯುವುದೇನಿದ್ದರೂ ಅದು ಮಾಡಿಹೋದ ಗಾಯ. ಜೀವಕೋಶದೊಳಗಿನ ಡಿಎನ್‌ಎ ಎಳೆಗಳು ತುಂಡಾಗುತ್ತವೆ. ಹೆಚ್ಚಿನವನ್ನು ಕೋಶವೇ ಸರಿಮಾಡಿಕೊಳ್ಳುತ್ತದೆ. ಒಮ್ಮೆಗೇ ಭಾರಿ ಪ್ರಮಾಣ ಬಿದ್ದರೆ ಮಾತ್ರ ಕೋಶಗಳು ರಾಶಿ ರಾಶಿ ಸಾಯುತ್ತವೆ. ಬೇಗ ಬೇಗ ಹುಟ್ಟುವ ಕೋಶಗಳಿಗೆ ಮೊದಲ ಪೆಟ್ಟು, ಅಂದರೆ ಮೂಳೆಯ ಮಜ್ಜೆ, ಕರುಳಿನ ಒಳಪದರ, ಕೂದಲ ಬುಡ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ ಆಗಿದ್ದು ಇದೇ. ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ಬಳಸದೆ ಬಿದ್ದಿದ್ದ, ವಿಕಿರಣ ಸೂಸುವ ಕೋಬಾಲ್ಟ್-60 ಇದ್ದ ಯಂತ್ರವನ್ನು ಗುಜರಿಗೆ ಮಾರಿದರು. ಅದೇನೆಂದು ಗೊತ್ತಿಲ್ಲದ ಕೆಲಸದವರು ಬಿಚ್ಚಿದರು. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಎಕ್ಸ್‌ರೇ ರೂಮಿನಲ್ಲಿ ಯಾರಿಗೂ ಹೀಗಾಗುವುದಿಲ್ಲ. ನಮ್ಮಂಥವರದು ಇನ್ನೊಂದು ಬಗೆ. ದಿನಾ ಸ್ವಲ್ಪ ಸ್ವಲ್ಪ, ವರ್ಷಗಟ್ಟಲೆ. ತಪ್ಪಾಗಿ ರಿಪೇರಿಯಾದ ಒಂದು ಕೋಶ ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ಆಗುವ ಸಾಧ್ಯತೆ ಅಷ್ಟಷ್ಟೇ ಏರುತ್ತದೆ. ಹೀಗೆ ವರ್ಷಗಟ್ಟಲೆ ಬಿದ್ದದ್ದು ಸೇರಿ ಕಣ್ಣಿನ ಪೊರೆಯೂ ಬರಬಹುದು.

ಈಗ ಓಟಿಗೆ ಬರೋಣ. ಸೊಂಟದ ಮೂಳೆ ಮುರಿದವರಿಗೆ ರಾಡ್ ಹಾಕುವ ಕೇಸ್ ಅಂದುಕೊಳ್ಳಿ. ಡಾಕ್ಟರು ವೈರ್ ತೂರಿಸಿ "ಶೂಟ್" ಅಂತಾರೆ, ನಾನು ಪೆಡಲ್ ಒತ್ತುತ್ತೇನೆ, ಪರದೆಯಲ್ಲಿ ಮೂಳೆ ಬರುತ್ತದೆ. ಆಗ ನಮಗೆ ಬಡಿಯುವುದು ಹೆಚ್ಚುಕಡಿಮೆ ಎಲ್ಲವೂ ರೋಗಿಯ ಮೈಗೆ ತಾಗಿ ಚೆದುರಿದ ಕಿರಣ. ನಾವು ಇದಕ್ಕೆ ಸ್ಕ್ಯಾಟರ್ ಅನ್ನುತ್ತೇವೆ. ಅದು ಎಲ್ಲಕ್ಕಿಂತ ಜಾಸ್ತಿ ಇರುವುದು ಕಿರಣ ಮೈಯೊಳಗೆ ಹೋಗುವ ಬದಿಯಲ್ಲಿ, ಅಂದರೆ ಎಕ್ಸ್‌ರೇ ಹೊರಡಿಸುವ ಟ್ಯೂಬ್ ಇರುವ ಕಡೆ. ಅದಕ್ಕೇ ನೇರ ನೋಟಕ್ಕೆ ಟ್ಯೂಬ್ ಟೇಬಲ್ ಕೆಳಗಿರಬೇಕು. ಮೇಲಿಟ್ಟರೆ ಸ್ಕ್ಯಾಟರ್ ಸೀದಾ ಡಾಕ್ಟರ ಮುಖಕ್ಕೆ, ಕಣ್ಣಿಗೆ. ಪಕ್ಕದ ನೋಟಕ್ಕೆ ತಿರುಗಿಸಿದಾಗ ಟ್ಯೂಬ್ ಬದಿ ನಿಂತವರನ್ನು ಆಚೆ ಬದಿಗೆ ಕಳಿಸುತ್ತೇನೆ. ಟ್ಯೂಬ್ ಎದುರಿಗಿದ್ದು ಚಿತ್ರ ಹಿಡಿಯುವ ಡಿಟೆಕ್ಟರನ್ನು ರೋಗಿಯ ಮೈಗೆ ಎಷ್ಟಾಗುತ್ತೋ ಅಷ್ಟು ಹತ್ತಿರ ತರುತ್ತೇನೆ, ಬೇಕಾದಷ್ಟೇ ಜಾಗ ಕಾಣುವ ಹಾಗೆ ಕಿರಣದ ಅಂಚು ಕಿರಿದು ಮಾಡುತ್ತೇನೆ. ಕೊನೆಯ ಚಿತ್ರ ಪರದೆಯಲ್ಲಿ ನಿಂತೇ ಇರುತ್ತದೆ. ಅದನ್ನು ನೋಡಿಕೊಂಡು ಯೋಚಿಸಬಹುದು. ಕೆಲವು ಡಾಕ್ಟರು ಪೆಡಲ್ ಒತ್ತಿಸಿಕೊಂಡೇ ಯೋಚಿಸುತ್ತಾರೆ, ಅದು ಬೇರೆ ಮಾತು.

ಎಲ್ಲಕ್ಕಿಂತ ಅಗ್ಗದ ರಕ್ಷಣೆ ಹೆಜ್ಜೆ. ರೋಗಿಯಿಂದ ಒಂದು ಮೀಟರ್ ದೂರದಲ್ಲಿ ಸ್ಕ್ಯಾಟರ್, ರೋಗಿಯ ಮೇಲೆ ಬೀಳುವ ಕಿರಣದ ಸುಮಾರು ಸಾವಿರದಲ್ಲಿ ಒಂದು ಪಾಲು. ಎರಡು ಮೀಟರ್‌ಗೆ ಸರಿದರೆ ಅದರಲ್ಲೂ ಕಾಲು ಭಾಗ. ಪೆಡಲ್ ವೈರ್ ಉದ್ದವಾಗಿರುವುದೇ ಅದಕ್ಕೆ. ಒತ್ತುವ ಮೊದಲು "ಎಕ್ಸ್‌ರೇ" ಎಂದು ಜೋರಾಗಿ ಹೇಳುತ್ತೇನೆ. "ಸಿಸ್ಟರ್, ಹಿಂದೆ ಬನ್ನಿ" ಎಂದು ಕರೆದು, ಅವರು ಬರುವ ತನಕ ಒತ್ತುವುದಿಲ್ಲ. ಮೊದಮೊದಲು ಡಾಕ್ಟರಿಗೆ ಸಿಟ್ಟು ಬರುತ್ತಿತ್ತು. ಈಗ ಅವರೇ ತಿರುಗಿ ನೋಡುತ್ತಾರೆ. ಸರ್ಜನ್ ಕೈ ಮಾತ್ರ ನನ್ನ ತಲೆನೋವು. ಮೂಳೆ ಹಿಡಿದ ಬೆರಳು ಪರದೆಯಲ್ಲಿ ಕಂಡರೆ ಅದು ನೇರ ಕಿರಣದಲ್ಲೇ ಇದೆ ಎಂದರ್ಥ. "ಸರ್, ಕೈ" ಅಂದರೆ ಸಾಕು, ತೆಗೆಯುತ್ತಾರೆ.

ಲೆಡ್ ಏಪ್ರನ್ ಭಾರ, ಸೆಕೆ, ಬೆನ್ನುನೋವು, ಎಲ್ಲ ನಿಜ. ಆದರೂ 0.5 ಮಿಲಿಮೀಟರ್ ಸೀಸಕ್ಕೆ ಸಮನಾದದ್ದು ಸ್ಕ್ಯಾಟರ್‌ನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ತಡೆಯುತ್ತದೆ. ಕುತ್ತಿಗೆಗೆ ಥೈರಾಯ್ಡ್ ಕಾಲರ್ ಬಿಡಬಾರದು. ಏಪ್ರನ್ ಮಡಚಿ ಸ್ಟೂಲ್ ಮೇಲೆ ಎಸೆದರೆ ಒಳಗಿನ ಹಾಳೆ ಬಿರುಕು ಬಿಡುತ್ತದೆ, ಹೊರಗಿನ ಬಟ್ಟೆ ಮಾತ್ರ ಹೊಸದರ ಹಾಗೇ ಇರುತ್ತದೆ. ಹಾಗಾಗಿ ಆಗಾಗ ಅದನ್ನೇ ಟೇಬಲ್ ಮೇಲೆ ಹರಡಿ ಸಿ-ಆರ್ಮ್‌ನಲ್ಲಿ ನೋಡುತ್ತೇನೆ. ಬಿರುಕಿದ್ದರೆ ಗೆರೆ ಎದ್ದು ಕಾಣುತ್ತದೆ.

ಮೈಗೆ ಎಷ್ಟು ಬಿತ್ತೆಂದು ಹೇಳುವುದು ಟಿಎಲ್‌ಡಿ ಬ್ಯಾಡ್ಜ್. ಒಳಗೆ ಮೂರು ಪುಟ್ಟ ಬಿಲ್ಲೆ. ಅವನ್ನು ಬಿಸಿ ಮಾಡಿದಾಗ, ಬಿದ್ದ ವಿಕಿರಣಕ್ಕೆ ತಕ್ಕಷ್ಟು ಬೆಳಕು ಹೊರಬರುತ್ತದೆ. ಮೂರು ತಿಂಗಳಿಗೊಮ್ಮೆ ಕಳಿಸಿ ಹೊಸದು ಹಾಕಿಕೊಳ್ಳುತ್ತೇವೆ. ಏಪ್ರನ್ ಒಳಗೆ, ಎದೆಯ ಹತ್ತಿರ ಹಾಕಬೇಕು. ನಮ್ಮಲ್ಲೊಬ್ಬ ಗಂಡು ನರ್ಸ್‌ಗೆ ರಿಪೋರ್ಟ್ ಸದಾ ಸೊನ್ನೆ. ಖುಷಿಯಾಗಿದ್ದರು. ನೋಡಿದರೆ ಬ್ಯಾಡ್ಜ್ ಲಾಕರ್ ಬಿಟ್ಟು ಬಂದದ್ದೇ ಇಲ್ಲ! ನಮ್ಮ ದೇಶದಲ್ಲಿ ಈ ಕೆಲಸದವರಿಗೆ ಮಿತಿ ಸತತ 5 ವರ್ಷಕ್ಕೆ 100 ಮಿಲಿಸೀವರ್ಟ್, ಯಾವ ಒಂದು ವರ್ಷವೂ 30 ದಾಟಬಾರದು. ಅಭ್ಯಾಸ ಸರಿ ಇದ್ದರೆ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಕಣ್ಣಿನ ವಿಷಯದಲ್ಲಿ ಈಗ ಬಿಗಿ ಜಾಸ್ತಿ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2011ರಲ್ಲಿ ವರ್ಷಕ್ಕೆ 150 ಇದ್ದದ್ದನ್ನು ಸರಾಸರಿ 20ಕ್ಕೆ ಇಳಿಸಲು ಹೇಳಿತು. ಸೀಸದ ಕನ್ನಡಕ ನಾನು ಕೇಳಿ ತರಿಸಿಕೊಂಡದ್ದು ಅದಕ್ಕೇ.

ಫಿಲಂ ರೂಮಿನಲ್ಲಿ ನಾನು ಬಿಡದೆ ಮಾಡುವುದು ಎರಡು. ಹೆಂಗಸರು ಬಂದರೆ ಜೊತೆಯವರನ್ನು ಹೊರಗೆ ಕೂರಿಸಿ ಸಿಸ್ಟರ್ ಕೈಲಿ ಮುಟ್ಟಿನ ತಾರೀಖು ಕೇಳಿಸುತ್ತೇನೆ. ಅತ್ತೆ ಪಕ್ಕದಲ್ಲಿದ್ದರೆ ಹುಡುಗಿಯರು ಬಾಯಿ ಬಿಡುವುದಿಲ್ಲ. ಬಸಿರಿದ್ದರೆ, ತಡೆಯಬಹುದಾದ ಫಿಲಂ ಆಮೇಲೆ. ತಡೆಯಲಾಗದ್ದಾದರೆ ಹೆದರಿ ಬಿಡಬಾರದು, ಕೈಕಾಲಿನ ಫಿಲಂನಲ್ಲಿ ಹೊಟ್ಟೆಗೆ ಬೀಳುವುದು ಇಲ್ಲವೆನ್ನುವಷ್ಟು ಕಡಿಮೆ. ಇನ್ನು ಅಳುವ ಮಗುವನ್ನು ಹಿಡಿಯಲು ನಾನು ಹೋಗುವುದಿಲ್ಲ. ಒರಟು ಅನಿಸಬಹುದು. ಅಪ್ಪನೋ ಮಾವನೋ ಏಪ್ರನ್ ಹಾಕಿ ಹಿಡಿದರೆ ಅವರಿಗೆ ಅದು ಒಂದು ಸಲದ ಮಾತು, ನನಗಾದರೆ ದಿನದ ಕೆಲಸ. ಮೊನ್ನೆ ಒಬ್ಬ ತಾತ, "ನೀನೇ ಹಿಡ್ಕೊಳ್ಳೋ ಮಾರಾಯ, ನಿಂಗೆ ಅಭ್ಯಾಸ ಇರುತ್ತಲ್ಲ" ಅಂದರು. ಅಭ್ಯಾಸ ಇರುವುದರಿಂದಲೇ ತಾತ, ಎಂದು ಏಪ್ರನ್ ಅವರ ಹೆಗಲಿಗೆ ಹಾಕಿದೆ.