ಲೋ ಬೀಳದ ಜೀಪು: ಟ್ರಾನ್ಸ್‌ಫರ್ ಕೇಸ್ ಇಳಿಸದೆ ಸರಿ ಮಾಡಿದ್ದು

ನಮ್ಮ ಎರಡು ಲಿವರಿನ ಹಳೆ ಜೀಪು ಈಗ ಲೋ ಗೇರಿನಲ್ಲಿ, ಅಂದರೆ ವೇಗ ಕಡಿಮೆ, ಎಳೆತ ಜಾಸ್ತಿ ಇರುವ ಗೇರಿನಲ್ಲಿ, ಕಾಫಿ ಮೂಟೆ ಹೊತ್ತು ತೋಟದ ಏರು ಹತ್ತುತ್ತಿದೆ. ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸನ್ನು ಇಳಿಸಲೇ ಇಲ್ಲ. "ಕೇಸ್ ಇಳಿಸದೆ ಆಗೋ ಕೆಲಸ ಅಲ್ಲ ಅಣ್ಣ, ಸುಮ್ನೆ ಟೈಮ್ ವೇಸ್ಟು" ಅಂತ ಮೂಡಿಗೆರೆಯಿಂದ ಹಾಸನದವರೆಗೆ ಕೇಳಿದ ಮೇಸ್ತ್ರಿಗಳೆಲ್ಲ ಹೇಳಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ತೊಂದರೆ ಹೀಗಿತ್ತು. ಫೋರ್ ವೀಲ್ ಲಿವರ್ ಬೀಳುತ್ತಿತ್ತು, ಮುಂದಿನ ಚಕ್ರ ಎಳೆಯುತ್ತಿತ್ತು. ಹೈ-ಲೋ ಬದಲಿಸುವ ಇನ್ನೊಂದು ಲಿವರ್ ಮಾತ್ರ ನ್ಯೂಟ್ರಲ್ ದಾಟಿ ಲೋಗೆ ಹೋಗುತ್ತಿರಲಿಲ್ಲ. ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ, ಎರಡೂ ಕೈ ಹಾಕಿದರೂ ಗೋಡೆಗೆ ತಗುಲಿದ ಹಾಗೆ ನಿಂತುಬಿಡುತ್ತಿತ್ತು. ಗರಗರ ಸದ್ದಂತೂ ಇಲ್ಲವೇ ಇಲ್ಲ. ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಅದೇ. ಹಲ್ಲು ಹೋಗಿದ್ದರೆ ಕಿರುಚಬೇಕಿತ್ತು ಅಲ್ವಾ?

ದುಡ್ಡಿನ ಕಥೆ ಕೇಳಿ. ಒಂದು ಗ್ಯಾರೇಜಿನಲ್ಲಿ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂದರು. ಪ್ಲೇಟು, ಕೂಲಿ ಸೇರಿ ಏಳೆಂಟು ಸಾವಿರ ಹೋಯಿತು. ಲೋ ಬೀಳಲಿಲ್ಲ. ಇನ್ನೊಂದು ಕಡೆ ಗೇರ್ ಸೆಟ್, ಬೇರಿಂಗ್ ಎಲ್ಲ ಹೊಸದು ಹಾಕಲು 35 ಸಾವಿರದ ಲೆಕ್ಕ ಕೊಟ್ಟರು. ಗುಜರಿಯ ಕೇಸ್ ಹಾಕಿದರೆ 15-16 ಸಾವಿರ, ಗ್ಯಾರಂಟಿ ಇಲ್ಲ. ಇತ್ತ ರೊಬಸ್ಟಾ ಕೊಯ್ಲು ಶುರುವಾಗಿತ್ತು. ಟ್ರೈಲರ್ ಎಳೆಯಲು ಬಾಡಿಗೆ ಟ್ರ್ಯಾಕ್ಟರಿಗೆ ದಿನಕ್ಕೆ ಎರಡು ಸಾವಿರದ ಮೇಲೆ ಕೊಡಬೇಕಿತ್ತು. ಹೊಟ್ಟೆ ಉರಿಯುತ್ತಿತ್ತು.

ಟೈರಿನ ಮೇಲೂ ಅನುಮಾನ ಇತ್ತು. ಹಿಂದೆ ರೀಟ್ರೆಡ್, ಮುಂದೆ ಸವೆದ ಟೈರ್, ಸುತ್ತಳತೆ ಒಂದೇ ಅಲ್ಲ. ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಓಡಿಸಿದರೆ ಶಾಫ್ಟ್‌ಗಳಲ್ಲಿ ಬಿಗಿ ಕೂತು ಲಿವರ್ ಹಿಡಿದುಕೊಳ್ಳುತ್ತದೆ. ಒಂದೆರಡು ಅಡಿ ರಿವರ್ಸ್ ಬಿಟ್ಟರೆ ಸಡಿಲವಾಗುತ್ತದೆ. ಅದನ್ನೂ ಮಾಡಿದೆ, ಮುಂದಿನ ಚಕ್ರಗಳನ್ನು ಜಾಕ್ ಮೇಲೆ ಎತ್ತಿಯೂ ನೋಡಿದೆ. ಜಗ್ಗಲಿಲ್ಲ. ಯಾರೋ ಹಾಕಿದ್ದ ದಪ್ಪ 140 ಆಯಿಲ್ ತೆಗೆದು ತೆಳು 90 ಹಾಕಿದೆ. ಚಳಿಗಾಲದ ಬೆಳಗ್ಗೆ ಲಿವರ್ ಹಗುರವಾಯಿತು, ಅಷ್ಟೇ.

ಆಮೇಲೆ ಮಾಡಿದ್ದೇ ನಿಜವಾದ ಪರೀಕ್ಷೆ. ಎರಡೂ ಲಿವರ್‌ಗಳನ್ನೇ ಬಿಚ್ಚಿ ಪಕ್ಕಕ್ಕಿಟ್ಟೆ. ಲಿವರ್ ಪಿನ್ ತುಕ್ಕು ಹಿಡಿದಿತ್ತು. ರಾತ್ರಿಯಿಡೀ ಡೀಸೆಲ್ ಬಿಟ್ಟು ಬೆಳಗ್ಗೆ ಹೊಡೆದು ತೆಗೆದೆ. ಗಾಡಿ ಕೆಳಗೆ ಮಲಗಿ, ಲಿವರ್‌ಗಳು ಸರಿಸುವ, ಕೇಸಿನಿಂದ ಹೊರಗೆ ಕಾಣುವ ಎರಡು ಶಿಫ್ಟರ್ ರಾಡುಗಳನ್ನು ಟೈರ್ ಲಿವರಿನಿಂದ ಮೀಟಿದೆ. ಮೊದಲು ಫೋರ್ ವೀಲ್ ರಾಡು. ಟಕ್. ಆಮೇಲೆ ಇನ್ನೊಂದು. ನ್ಯೂಟ್ರಲ್‌ನಲ್ಲಿ ಒಂದು ಟಕ್, ಲೋನಲ್ಲಿ ಇನ್ನೊಂದು ಟಕ್! ತಿಂಗಳುಗಟ್ಟಲೆ ಬೀಳದ ಲೋ ಬೆಣ್ಣೆಯಷ್ಟು ಸಲೀಸಾಗಿ ಬಿತ್ತು. 35 ಸಾವಿರದ ಗೇರ್ ಸೆಟ್ಟಿನ ಮಾತು ಅಲ್ಲಿಗೇ ಮುಗಿಯಿತು.

ಹಳೆ ವಿಲ್ಲೀಸ್ ಜೀಪುಗಳ ಕಾಲದಿಂದ ಬಂದ ಈ ಸ್ಪೈಸರ್ 18 ಜಾತಿಯ ಟ್ರಾನ್ಸ್‌ಫರ್ ಕೇಸಿನಲ್ಲಿ ಎರಡು ರಾಡಿನ ನಡುವೆ ಒಂದು ಲಾಕ್ ಪಿನ್ ಇರುತ್ತದೆ. ಫೋರ್ ವೀಲ್ ರಾಡು ಪೂರ್ತಿ ತನ್ನ ಕಚ್ಚಿಗೆ ಕೂರದೆ ಲೋ ರಾಡನ್ನು ಅದು ಬಿಡುವುದಿಲ್ಲ. ನಮ್ಮದರಲ್ಲಿ ಫೋರ್ ವೀಲ್ ಅರ್ಧಂಬರ್ಧ ಬೀಳುತ್ತಿತ್ತು. ಚಕ್ರ ಎಳೆಯಲು ಅಷ್ಟು ಸಾಕು, ಲಾಕ್ ಬಿಡಲು ಸಾಲದು. ಚಕ್ರ ತಿರುಗುವುದನ್ನು ನೋಡಿ ಎಲ್ಲರೂ ಆ ಕಡೆ ಸರಿಯಿದೆ ಅಂದುಕೊಂಡಿದ್ದರು.

ಮಗಳ ನೇಲ್ ಪಾಲಿಶ್ ತಂದು, ಫೋರ್ ವೀಲ್ ರಾಡು ಪೂರ್ತಿ ಕೂತಾಗ ಅದರ ಮೇಲೆ ಗುರುತು ಹಾಕಿದೆ. ಲಿವರ್ ಜೋಡಿಸಿ ಎಳೆದರೆ ಗುರುತು ಮೂರು ಮಿಲಿಮೀಟರಿನಷ್ಟು ಹಿಂದೆಯೇ ನಿಲ್ಲುತ್ತಿತ್ತು. ಪಿನ್ ಸವೆದು ಲಿವರಿನ ತೂತು ಮೊಟ್ಟೆಯಾಕಾರ ಆಗಿತ್ತು. ಅದರ ಮೇಲೆ ಇನ್ನೊಂದು. ಹಿಂದೊಮ್ಮೆ ತುಕ್ಕು ಹಿಡಿದ ಫ್ಲೋರಿಗೆ ಟಿಂಕರ್ ಹೊಸ ತಗಡು ಬೆಸೆದಿದ್ದ. ಲಿವರಿನ ಕಿಂಡಿಯನ್ನು ಚಿಕ್ಕದಾಗಿ ಕತ್ತರಿಸಿದ್ದ. ಲಿವರ್ ಹೋಗಿ ತಗಡಿಗೆ ತಾಗುತ್ತಿತ್ತು. ಲಿವರಿನ ಬುಡ ಮುಚ್ಚುವ ರಬ್ಬರ್ ಬೂಟ್ ಎತ್ತಿದರೆ ಆ ಅಂಚು ಬಣ್ಣ ಹೋಗಿ ಬೆಳ್ಳಗೆ ಹೊಳೆಯುತ್ತಿತ್ತು. ಇಷ್ಟು ಜನ ನೋಡಿದರೂ ಬೂಟ್ ಎತ್ತಿದವರು ಒಬ್ಬರೂ ಇಲ್ಲ.

ಗ್ರೈಂಡರಿನಲ್ಲಿ ಕಿಂಡಿಯನ್ನು ಒಂದು ಬೆರಳಗಲ ಹೆಚ್ಚಿಸಿದೆ. ಚಿಕ್ಕಮಗಳೂರಿನ ಲೇತಿನಲ್ಲಿ ಹೊಸ ಪಿನ್ ಮಾಡಿಸಿ, ಲಿವರಿಗೆ ಗನ್‌ಮೆಟಲ್ ಬುಷ್ ಹಾಕಿಸಿದೆ. ಆರೇಳು ನೂರು ಆಯಿತು. ಲೋ ಬಿತ್ತು.

ಬಿದ್ದದ್ದು ನಿಲ್ಲಲಿಲ್ಲ. ಲೋಡು ಹಾಕಿ ಏರು ಹತ್ತುವಾಗ ಜಾರಿ ನ್ಯೂಟ್ರಲ್‌ಗೆ ಬರುತ್ತಿತ್ತು. "ನಾನು ಹೇಳಿಲ್ವಾ ಸಾರ್, ಗೇರೇ ಹೋಗಿದೆ" ಅಂತ ಡ್ರೈವರ್ ಶುರು ಮಾಡಿದ. ನನಗೆ ಸ್ಪ್ರಿಂಗಿನ ಮೇಲೆ ಅನುಮಾನ, ರಾಡನ್ನು ಕಚ್ಚಿನಲ್ಲಿ ಹಿಡಿದಿಡುವ ಗುಂಡನ್ನು ಒತ್ತುವುದು ಅದೇ. ಮುಂದಿನ ಶಾಫ್ಟ್ ಬಿಚ್ಚಿ, ಯೋಕ್ ತೆಗೆದು, ಕೆಳಗಿನ ತಟ್ಟೆ ಇಳಿಸಿ, ಗೇರನ್ನು ಸರಿಸುವ ಫೋರ್ಕಿನ, ತಂತಿ ಕಟ್ಟಿದ ಸ್ಕ್ರೂಗಳನ್ನು ಸಡಿಲಿಸಿ, ರಾಡುಗಳಿರುವ ಮುಂದಿನ ಕ್ಯಾಪನ್ನು ಕೆಳಗಿನಿಂದಲೇ ತೆಗೆದೆ. ರಾಡು ಎಳೆಯುವಾಗ ಬಟ್ಟೆ ಸುತ್ತಿಕೊಳ್ಳಿ. ಇಲ್ಲದಿದ್ದರೆ ಗುಂಡುಗಳು ಚಿಮ್ಮಿ ಕಾಫಿ ಗಿಡದ ಬುಡ ಸೇರುತ್ತವೆ. ಎರಡು ಸ್ಪ್ರಿಂಗನ್ನು ಪಕ್ಕದಲ್ಲಿ ನಿಲ್ಲಿಸಿದರೆ ಒಂದು ಕಣ್ಣಿಗೆ ಕಾಣುವಷ್ಟು ಗಿಡ್ಡ. ಲಾಕ್ ಪಿನ್ ಕಪ್ಪು ಜಿಡ್ಡಿನಲ್ಲಿ ಹೂತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ಸಿನಲ್ಲಿ ಸ್ಪ್ರಿಂಗ್, ಗುಂಡು, ಸೀಲು ತರಿಸಿದೆ. ಎಲ್ಲ ಸೇರಿ 500 ದಾಟಲಿಲ್ಲ. ಮಲಗಿಕೊಂಡೇ, ಬೇರೆಯವರ ಸಹಾಯ ಇಲ್ಲದೆ ಗುಂಡು ಒತ್ತಿ ರಾಡು ತೂರಿಸಲು ನನ್ನದೇ ಒಂದು ಉಪಾಯ ಇದೆ. ಅದನ್ನು ಬರೆಯುವುದಿಲ್ಲ, ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ.

ಕ್ಯಾಪ್ ಕೈಯಲ್ಲಿದ್ದಾಗಲೇ ಲಾಕ್ ಪಿನ್ ಇಲ್ಲದೆ ಜೋಡಿಸಿಯೂ ನೋಡಿದೆ. ಆಗ ಹಿಂದಿನ ಚಕ್ರಕ್ಕೆ ಮಾತ್ರ ಲೋ ಸಿಗುತ್ತದೆ. ಕಣದ ಸಿಮೆಂಟಿನ ಮೇಲೆ ಟ್ರೈಲರ್ ತಿರುಗಿಸಲು ಬಹಳ ಸುಖ. ಟೈರ್ ಉಜ್ಜುವುದಿಲ್ಲ, ಸ್ಟೇರಿಂಗ್ ಹಗುರ. ಆದರೆ ಲೋನ ಸುಮಾರು ಎರಡೂವರೆ ಪಟ್ಟು ಎಳೆತ ಪೂರ್ತಿ ಹಿಂದಿನ ಆಕ್ಸಲ್ ಮೇಲೇ ಬೀಳುತ್ತದೆ. ಲೋಡಿನಲ್ಲಿ ಯಾರಾದರೂ ಹಾಗೆ ಏರು ಹತ್ತಿಸಿದರೆ ಆಕ್ಸಲ್ ಶಾಫ್ಟ್ ಮುರಿಯಬಹುದು. ನಮ್ಮ ಗಾಡಿಗೆ ಡ್ರೈವರುಗಳು ಬದಲಾಗುತ್ತಿರುತ್ತಾರೆ. ಪಿನ್ ವಾಪಸ್ ಹಾಕಿದೆ.

ಸರಿ ಮಾಡಿದ್ದಕ್ಕೆ ಆಯಿಲ್ ಸೇರಿ ಎರಡು ಸಾವಿರದೊಳಗೆ ಆಯಿತು. ಪಕ್ಕದ ತೋಟದವರ ಜೀಪಿಗೂ ಇದೇ ಪರೀಕ್ಷೆ ಮಾಡಿದೆ. ಅವರದರಲ್ಲಿ ರಾಡು ಸರಿಯಾಗಿ ಚಲಿಸಿದರೂ ಲೋ ಬೀಳಲಿಲ್ಲ. ಫೋರ್ಕಿನ ಸ್ಕ್ರೂ ಸಡಿಲವಾಗಿ ರಾಡು ಒಂದೇ ಓಡಾಡುತ್ತಿತ್ತು. ಕೆಳಗಿನ ತಟ್ಟೆ ಇಳಿಸಿ ಸ್ಕ್ರೂ ಬಿಗಿದು ಹೊಸ ತಂತಿ ಕಟ್ಟಿದೆವು. ಬಟನ್ ಒತ್ತಿ ಫೋರ್ ವೀಲ್ ಹಾಕುವ ಗಾಡಿಗಳಿಗೆ ಈ ದಾರಿ ನಡೆಯುವುದಿಲ್ಲ. ಅವುಗಳಲ್ಲಿ ಲೋ ಬೀಳದಿದ್ದರೆ ಮೊದಲು ಕ್ಲಚ್ ಪೆಡಲಿನ ಸ್ವಿಚ್, ಆಮೇಲೆ ಶಿಫ್ಟ್ ಮೋಟಾರಿನ ವೈರಿಂಗ್ ನೋಡಿ.