ಏಕತಾರಿಗೆ ಕರೆಂಟು ಕೊಡುವ ಮುನ್ನ: ಎಲೆಕ್ಟ್ರಿಕ್ ಏಕತಾರಿ ಕಟ್ಟಿದ ನನ್ನ ಅನುಭವ

ಎಲೆಕ್ಟ್ರಿಕ್ ಏಕತಾರಿ ಮಾಡಬೇಕು ಅನ್ನುವವರು ಮೊದಲು ಕೇಳುವುದು ಯಾವ ಪಿಕಪ್ (ವಾದ್ಯದ ಅಲುಗಾಟವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ಹಾಕಲಿ ಅಂತ. ಅದು ಕೊನೆಗೆ ನೋಡಬೇಕಾದ ವಿಷಯ. ಮೊದಲು ಹಾಡುವವರ ಶ್ರುತಿ ಗೊತ್ತಿರಬೇಕು. ಆಮೇಲೆ ಮೀಟಿದ ನಾದ ಎಷ್ಟು ಬೇಗ ಅಡಗಬೇಕು ಅನ್ನುವುದು ತೀರ್ಮಾನವಾಗಬೇಕು. ತತ್ವಪದದಲ್ಲಿ ಏಕತಾರಿ ಶ್ರುತಿಯನ್ನಷ್ಟೇ ಅಲ್ಲ, ಲಯವನ್ನೂ ಹಿಡಿಯುತ್ತದೆ. ಶಿಶುನಾಳ ಶರೀಫರ ಪದವಿರಲಿ, ಕಡಕೋಳ ಮಡಿವಾಳಪ್ಪನವರ ಪದವಿರಲಿ, ಬೆರಳು ಬಿಡದೆ ಮೀಟುತ್ತಲೇ ಇರುತ್ತದೆ. ಸೋರೆ ಬುರುಡೆಯಲ್ಲಿ ನಾದ ಥಟ್ಟನೆ ಎದ್ದು ಬೇಗ ಅಡಗುತ್ತದೆ, ಹಾಗಾಗಿ ಪ್ರತಿ ಮೀಟೂ ಬಿಡಿಬಿಡಿಯಾಗಿ ಕೇಳುತ್ತದೆ. ಅದೇ ತಂತಿಯನ್ನು ಗಟ್ಟಿ ಮರದ ಮೇಲೆ ಕಟ್ಟಿದರೆ ನಾದ ಹಲವು ಸೆಕೆಂಡ್ ಎಳೆದುಕೊಂಡು ಹೋಗಿ, ಒಂದು ಮೀಟಿನ ಮೇಲೆ ಇನ್ನೊಂದು ಬಿದ್ದು ಲಯ ಕಲಸಿಹೋಗುತ್ತದೆ.

ಹಾಗಾದರೆ ಬುರುಡೆಗೇ ಪಿಕಪ್ ಅಂಟಿಸಬಹುದಲ್ಲ? ಮನೆಯಲ್ಲಿ ಚೆನ್ನಾಗಿ ಕೇಳುತ್ತದೆ. ವೇದಿಕೆಯಲ್ಲಿ ಮಾನಿಟರ್ ಸ್ಪೀಕರಿನ ಸದ್ದು ಬುರುಡೆಯನ್ನು ಅಲುಗಿಸಿ, ಆ ಅಲುಗಾಟ ಮತ್ತೆ ಪಿಕಪ್ಪಿಗೆ ಹೋಗಿ ಗುಂಯ್ ಅಂತ ಕೂಗು ಏಳುತ್ತದೆ. ಮೈಕ್ ಇಟ್ಟರೆ ಪಕ್ಕದ ದಮ್ಮಡಿಯೇ ಹೆಚ್ಚು ಕೇಳುತ್ತದೆ. ಅದಕ್ಕೇ ನಾನು ನಡುದಾರಿ ಹಿಡಿದೆ. ಗಟ್ಟಿ ಮರದ ಒಡಲು, ಅದರಲ್ಲಿ ಒಂದು ಚಿಕ್ಕ ಗುಂಡಿ, ಗುಂಡಿಯ ಮೇಲೆ ತೆಳು ಹಲಗೆ, ಹಲಗೆಯ ಮೇಲೆ ತಂತಿಯನ್ನು ಹೊತ್ತು ನಿಲ್ಲುವ ಕುದುರೆ.

ತಂತಿಯ ಲೆಕ್ಕ ಹೀಗೆ. ಮೇರುವಿನಿಂದ (ಬಿರಡೆಯ ಕಡೆ ತಂತಿ ಕೂರುವ ಪಟ್ಟಿ) ಕುದುರೆಗೆ 65 ಸೆಂ.ಮೀ. ಇಟ್ಟುಕೊಳ್ಳಿ. ಹಾರ್ಮೋನಿಯಂನ ಕಪ್ಪು ಒಂದು, ಅಂದರೆ 138.6 ಹರ್ಟ್ಜ್ ಶ್ರುತಿಗೆ 0.40 ಮಿ.ಮೀ. ಉಕ್ಕಿನ ತಂತಿ ಸುಮಾರು 3.3 ಕಿಲೋ ಬಿಗಿಯಲ್ಲಿ ನಿಲ್ಲುತ್ತದೆ. 0.30 ಹಾಕಿದರೆ ಬಿಗಿ 1.8 ಕಿಲೋಗೆ ಇಳಿಯುತ್ತದೆ. ಅಷ್ಟು ಸಡಿಲವಾದರೆ ಜೋರಾಗಿ ಮೀಟಿದಾಗ ಸ್ವರ ಮೇಲೆ ಹಾರಿ ಕೆಳಗೆ ಜಾರುತ್ತದೆ. ಕಪ್ಪು ನಾಲ್ಕರಲ್ಲಿ ಹಾಡುವ ಹೆಣ್ಣುಮಕ್ಕಳಿಗೆ ಅದೇ 0.30 ಸರಿಯಾಗಿ ಹೊಂದುತ್ತದೆ, ಬಿಗಿ 4 ಕಿಲೋ ಚಿಲ್ಲರೆ. ಉದ್ದ, ದಪ್ಪ ಬದಲಿಸದೆ ಶ್ರುತಿಯನ್ನು ದುಪ್ಪಟ್ಟು ಮಾಡಿದರೆ ಬಿಗಿ ನಾಲ್ಕು ಪಟ್ಟಾಗುತ್ತದೆ ಅನ್ನುವುದೊಂದು ನೆನಪಿದ್ದರೆ ಉಳಿದದ್ದನ್ನು ಅಂದಾಜು ಮಾಡಬಹುದು. ಗಿಟಾರಿನ ಬಿಡಿ ತಂತಿಗಳಲ್ಲಿ 12 ಮತ್ತು 16ನೇ ನಂಬರಿನವು ಈ ಎರಡು ಅಳತೆಗೆ ಹತ್ತಿರ.

ಮರಕ್ಕೆ ಚೆನ್ನಾಗಿ ಒಣಗಿದ ಹಲಸು ಸಾಕು. ದಂಡಿ ಸುಮಾರು ಒಂದು ಮೀಟರ್ ಉದ್ದ, 45 ಮಿ.ಮೀ. ಅಗಲ, 35 ದಪ್ಪ. ಒಂದೇ ತಂತಿಯ ಎಳೆತಕ್ಕೆ ಇದು ಬಾಗುವುದಿಲ್ಲ, ಒಳಗೆ ಕಬ್ಬಿಣದ ಸರಳು ಬೇಡ. ಒಡಲು 220 x 180 x 45 ಮಿ.ಮೀ. ಅದರಲ್ಲಿ 110 ಮಿ.ಮೀ. ಅಗಲದ ದುಂಡು ಗುಂಡಿಯನ್ನು 35 ಮಿ.ಮೀ. ಆಳಕ್ಕೆ ಕೊರೆದು, ಮೇಲೆ 3 ಮಿ.ಮೀ. ಹಲಗೆ ಅಂಟಿಸಿ. ಮುಚ್ಚುವ ಮುಂಚೆ ಗುಂಡಿಗೆ ಹತ್ತಿ ತುಂಬಿ, ಒತ್ತಿ ತುರುಕುವುದು ಬೇಡ. ಒಳಗಿನ ಗಾಳಿ ಅನುರಣಿಸದಂತೆ ಹತ್ತಿ ತಡೆಯುತ್ತದೆ, ಹಲಗೆ ಮಾತ್ರ ಅಲುಗುತ್ತದೆ. ಕುದುರೆಯನ್ನು ಹಲಗೆಯ ನಟ್ಟನಡುವೆ ಇಡದೆ ಬಾಲದ ಕಡೆಗೆ 20 ಮಿ.ಮೀ. ಸರಿಸಿದರೆ ಒಂದೇ ಸ್ವರ ಮಾತ್ರ ಗುಮ್ಮೆನ್ನುವುದು ತಗ್ಗುತ್ತದೆ. ತಂತಿ ಬಿಗಿಯಲು ಗಿಟಾರಿನ ಹಲ್ಲುಚಕ್ರದ ಬಿರಡೆಯೇ ಒಳ್ಳೆಯದು. ಮರದ ಬಿರಡೆ ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಜಾರುತ್ತದೆ.

ಇಷ್ಟಾದರೂ ನಾದ ಬುರುಡೆಗಿಂತ ಉದ್ದವಾಗಿಯೇ ನಿಲ್ಲುತ್ತದೆ. ಕುದುರೆಯ ಮುಂದೆ, ತಂತಿಯ ಅಡಿಗೆ, 8 ಮಿ.ಮೀ. ಅಗಲದ ಮೆತ್ತನೆ ಚರ್ಮದ ಪಟ್ಟಿಯನ್ನು ತಂತಿಗೆ ತಾಕಿಯೂ ತಾಕದಂತೆ ಇಡಿ. ಕುದುರೆಯ ಕಡೆ ಸರಿಸಿದಷ್ಟೂ ನಾದ ಉದ್ದ, ದೂರ ಸರಿಸಿದಷ್ಟೂ ಗಿಡ್ಡ. ಇದನ್ನು ಹಾಡುವವರನ್ನು ಎದುರಿಗೆ ಕೂರಿಸಿಕೊಂಡು, ಅವರು ಹಾಡುವ ವೇಗದಲ್ಲೇ ಮೀಟಿಸಿ ಹೊಂದಿಸಬೇಕು. ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವ ಹಂತ ಇದೇ, ವಾದ್ಯ ಏಕತಾರಿಯಾಗಿ ಕೇಳುವುದೂ ಇಲ್ಲಿಂದಲೇ.

ಪಿಕಪ್ಪಿಗೆ ನನ್ನ ಆಯ್ಕೆ 27 ಮಿ.ಮೀ. ಪೀಜೋ ಬಿಲ್ಲೆ, ಅಂದರೆ ಅಲುಗಿದರೆ ವೋಲ್ಟೇಜ್ ಹುಟ್ಟಿಸುವ ಬಿಲ್ಲೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಗಿಟಾರಿನ ಅಯಸ್ಕಾಂತದ ಪಿಕಪ್ ತಂತಿಯನ್ನು ಮಾತ್ರ ಕೇಳಿಸಿಕೊಳ್ಳುತ್ತದೆ, ಹಲಗೆಯ ದನಿ ಅದಕ್ಕೆ ಸಿಗುವುದಿಲ್ಲ. ಏನು ಮಾಡಿದರೂ ಗಿಟಾರಿನಂತೆಯೇ ಕೇಳುತ್ತದೆ. ಅಲ್ಲದೆ ಹಿತ್ತಾಳೆ ತಂತಿಯನ್ನು ಅದು ಹಿಡಿಯುವುದಿಲ್ಲ, ತಂಬೂರಿ ಮಾಡಹೊರಟವರು ಇದನ್ನು ಮೊದಲೇ ಗಮನಿಸಿ.

ಗುಂಡಿ ಮುಚ್ಚುವ ಮುಂಚೆಯೇ ಬಿಲ್ಲೆಯ ಹಿತ್ತಾಳೆ ಮೈಯನ್ನು ಹಲಗೆಯ ಒಳಬದಿಗೆ, ಕುದುರೆಯ ಕಾಲಿನ ನೇರ ಕೆಳಗೆ, ಫೆವಿಕ್ವಿಕ್‌ನ ತೆಳು ಪದರದಿಂದ ಅಂಟಿಸಿ. ಗನ್ನಿನ ಬಿಸಿ ಅಂಟು ಬೇಡ, ಅದು ರಬ್ಬರಿನಂತೆ ಮೆತ್ತಗಿದ್ದು ಮೇಲಿನ ದನಿಯನ್ನೆಲ್ಲ ನುಂಗುತ್ತದೆ. ಸೋಲ್ಡರಿಂಗ್ ಐರನ್ ಬಿಳಿ ಮೈಗೆ ಒಂದೆರಡು ಸೆಕೆಂಡಿಗಿಂತ ಹೆಚ್ಚು ತಾಗಿದರೆ ಬೆಳ್ಳಿ ಲೇಪ ಎದ್ದು ಬರುತ್ತದೆ, ಆಮೇಲೆ ಆ ಬಿಲ್ಲೆ ಕೆಲಸಕ್ಕಿಲ್ಲ. ವೈರು ಜಾಲರಿ ಹೊದಿಕೆಯದೇ ಆಗಿರಲಿ, ಇಲ್ಲದಿದ್ದರೆ ಸೀರಿಯಲ್ ಸೆಟ್ಟಿನ ಪಕ್ಕ ನಿಂತರೆ 50 ಹರ್ಟ್ಜ್ ಹಮ್ಮಿಂಗ್ ಬರುತ್ತದೆ. ತಂತಿಯ ಬಾಲದ ಸ್ಕ್ರೂವಿನಿಂದಲೂ ಗ್ರೌಂಡಿಗೆ ಒಂದು ವೈರು ಎಳೆಯಿರಿ.

ಪೀಜೋವನ್ನು ನೇರ ಮಿಕ್ಸರಿಗೆ ಹಾಕಿದರೆ ದನಿ ತಗಡಿನಂತೆ ಕೇಳುವುದಕ್ಕೆ ಕಾರಣವಿದೆ. ಬಿಲ್ಲೆಯ ಕೆಪ್ಯಾಸಿಟೆನ್ಸ್ ಸುಮಾರು 20 ನ್ಯಾನೋಫ್ಯಾರಡ್. ಮಿಕ್ಸರಿನ 10 ಕಿಲೋಓಮ್ ಇನ್‌ಪುಟ್ ಜೊತೆ ಸೇರಿ ಅದು 800 ಹರ್ಟ್ಜ್‌ಗಿಂತ ಕೆಳಗಿನದನ್ನೆಲ್ಲ ಇಳಿಸಿಬಿಡುತ್ತದೆ. ನಮ್ಮ ಷಡ್ಜ ಇರುವುದೇ 138ರಲ್ಲಿ. ಅದಕ್ಕೆ ವಾದ್ಯದೊಳಗೇ ಒಂದು ಬಫರ್, ಅಂದರೆ ಬಿಲ್ಲೆಯ ಸಿಗ್ನಲನ್ನು ತಗ್ಗಿಸದೆ ಮುಂದೆ ದಾಟಿಸುವ ಪುಟ್ಟ ಸರ್ಕ್ಯೂಟ್ ಬೇಕು. ನಾನು ಹಾಕಿದ್ದು ಟಿಎಲ್‌071 ಐಸಿ, 9 ವೋಲ್ಟ್ ಬ್ಯಾಟರಿ. ಎರಡು 100 ಕಿಲೋಓಮ್ ರೆಸಿಸ್ಟರುಗಳಿಂದ ಬ್ಯಾಟರಿಯ ಅರ್ಧ ವೋಲ್ಟೇಜ್ ಮಾಡಿ, ಆ ನಡುಬಿಂದುವಿನಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಕೊಡಿ. ಅಲ್ಲಿಂದಲೇ 1 ಮೆಗಾಓಮ್ ಮೂಲಕ ಐಸಿಯ 3ನೇ ಕಾಲಿಗೆ. ಪೀಜೋದ ಒಂದು ವೈರು 3ನೇ ಕಾಲಿಗೆ, ಇನ್ನೊಂದು ಗ್ರೌಂಡಿಗೆ. 2 ಮತ್ತು 6 ಒಟ್ಟಿಗೆ. 7 ಬ್ಯಾಟರಿಯ ಪ್ಲಸ್‌ಗೆ, 4 ಗ್ರೌಂಡಿಗೆ. 6ರಿಂದ 4.7 ಮೈಕ್ರೋಫ್ಯಾರಡ್ ದಾಟಿ ವಾಲ್ಯೂಮ್ ಪಾಟ್ (ದನಿ ಏರಿಳಿಸುವ ತಿರುಗುಗುಂಡಿ), ಅಲ್ಲಿಂದ ಜ್ಯಾಕ್. ಸ್ಟೀರಿಯೋ ಜ್ಯಾಕ್ ಹಾಕಿ ಬ್ಯಾಟರಿಯ ಮೈನಸ್ಸನ್ನು ರಿಂಗ್‌ಗೆ ಕೊಟ್ಟರೆ ಮೋನೋ ಪಿನ್ ಚುಚ್ಚಿದಾಗ ಮಾತ್ರ ಕರೆಂಟು ಹರಿಯುತ್ತದೆ, ಬೇರೆ ಸ್ವಿಚ್ ಬೇಡ.

ಕೈ ತಾಗಿದಾಗೆಲ್ಲ ದೊಬ್ ದೊಬ್ ಅಂದರೆ ಆ 1 ಮೆಗಾಓಮನ್ನು 100 ಕಿಲೋಓಮ್‌ಗೆ ಇಳಿಸಿ. ಆಗ 80 ಹರ್ಟ್ಜ್‌ನಿಂದ ಕೆಳಗೆ ದನಿ ಇಳಿಯುತ್ತದೆ. ಷಡ್ಜಕ್ಕೆ ಹೆಚ್ಚೇನೂ ನಷ್ಟವಿಲ್ಲ, ಗುದ್ದು ಮಾತ್ರ ಕಡಿಮೆಯಾಗುತ್ತದೆ. ವೇದಿಕೆಯಲ್ಲಿ ಡಿಐ ಬಾಕ್ಸ್ (ವಾದ್ಯದ ಸಿಗ್ನಲನ್ನು ಮಿಕ್ಸರಿನ ಮೈಕ್ ಇನ್‌ಪುಟ್‌ಗೆ ಹೊಂದಿಸುವ ಪೆಟ್ಟಿಗೆ) ಮೂಲಕವೇ ಮಿಕ್ಸರಿಗೆ ಹೋಗಿ.

ಇದೇ ಯೋಜನೆಯನ್ನು ಚೌಡಿಕೆಗೆ (ಚರ್ಮ ಹೊದಿಸಿದ ಕೊಳಗದ ಒಂಟಿತಂತಿ ವಾದ್ಯ) ಹಾಗೇ ಒಯ್ಯಲು ಬರುವುದಿಲ್ಲ. ಅಲ್ಲಿ ತಂತಿ ಚರ್ಮದ ನಡುವಿನಿಂದಲೇ ಹೊರಟು ದಂಡಿಯ ಬಿರಡೆಗೆ ಹೋಗುತ್ತದೆ, ಚರ್ಮವೇ ಅದರ ಪ್ರಾಣ. ದೊಡ್ಡ ಬಿಲ್ಲೆಯ ತೂಕಕ್ಕೆ ಚರ್ಮದ ದನಿ ಸತ್ತುಹೋಗುತ್ತದೆ. ಬಿಲ್ಲೆಯನ್ನು ಚರ್ಮಕ್ಕೆ ಅಂಟಿಸದೆ, ದಂಡಿ ಕೊಳಗಕ್ಕೆ ಸೇರುವ ಜಾಗದಲ್ಲಿ ಮರಕ್ಕೆ ಅಂಟಿಸಬೇಕು. ಅಲ್ಲಿ ಸಿಗ್ನಲ್ ಸಣ್ಣದು, ಆದ್ದರಿಂದ ಐಸಿಯ 6 ಮತ್ತು 2ನೇ ಕಾಲನ್ನು ನೇರ ಸೇರಿಸದೆ ಅವುಗಳ ನಡುವೆ 100 ಕಿಲೋಓಮ್, 2ರಿಂದ 22 ಕಿಲೋಓಮ್ ಮತ್ತು 1 ಮೈಕ್ರೋಫ್ಯಾರಡ್ ಸಾಲಾಗಿ ಗ್ರೌಂಡಿಗೆ ಹಾಕಿ ದನಿಯನ್ನು ಐದೂವರೆ ಪಟ್ಟು ಏರಿಸಿಕೊಳ್ಳಬೇಕಾಗುತ್ತದೆ.