ಒಂದು ರೆಡ್ ವೈನ್, ಒಂದು ಲಾಗರ್: ಆರಿಸುವುದು ಹೇಗೆ, ತಣಿಸುವುದು ಹೇಗೆ?

ಭಾನುವಾರದ ಊಟಕ್ಕೆ ಮನೆಗೆ ನೆಂಟರು ಬರುತ್ತಾರೆ. ಇಬ್ಬರಿಗೆ ವೈನ್ ಬೇಕು, ಇಬ್ಬರಿಗೆ ಲಾಗರ್ ಬಗೆಯ ಬಿಯರ್. ಇಂಥ ಊಟಗಳಲ್ಲಿ ಎಷ್ಟೋ ಸಲ ಕೂತು ನೋಡಿದ್ದೇನೆ. ತಂದ ಬಾಟಲಿ ಚೆನ್ನಾಗಿಯೇ ಇರುತ್ತದೆ, ಕೊಟ್ಟ ದುಡ್ಡೂ ಕಡಿಮೆಯಲ್ಲ. ಆದರೆ ಲೋಟಕ್ಕೆ ಬರುವ ಹೊತ್ತಿಗೆ ವೈನ್ ಬೆಚ್ಚಗಾಗಿರುತ್ತದೆ, ಬಿಯರ್ ಅರ್ಧ ಗಡ್ಡೆ ಕಟ್ಟಿರುತ್ತದೆ. ಅದಕ್ಕೇ ಈ ಲೇಖನ.

ಮೊದಲು ವೈನ್ ಆರಿಸೋಣ. ಬಜೆಟ್ ಚಿಕ್ಕದಾಗಿದ್ದರೆ ವಿದೇಶಿ ಬಾಟಲಿ ಬಿಡಿ. ಅದರ ಬೆಲೆಯಲ್ಲಿ ದೊಡ್ಡ ಪಾಲು ಆಮದು ಸುಂಕದ್ದು. ನಮ್ಮ ನಂದಿ ಬೆಟ್ಟದ ಸುತ್ತಮುತ್ತಲೇ ಒಳ್ಳೆಯ ರೆಡ್ ವೈನ್ ಆಗುತ್ತದೆ. ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್ ಕುಟುಂಬ 1988ರಲ್ಲಿ ಫ್ರಾನ್ಸಿನ ದ್ರಾಕ್ಷಿ ತಳಿಗಳ ತೋಟ ಶುರು ಮಾಡಿತು. ಅಲ್ಲಿ ಹಗಲು ಬಿಸಿಲು, ರಾತ್ರಿ ತಂಪು, ದ್ರಾಕ್ಷಿಗೆ ಎರಡೂ ಬೇಕು. ಈಗ ಗ್ರೋವರ್ ಜಂಪಾ ಎಂಬ ಹೆಸರಿನಲ್ಲಿ ಬರುವ ಇವರ ಆರ್ಟ್ ಕಲೆಕ್ಷನ್ ಸಾಲಿನ ಕ್ಯಾಬರ್ನೆ ಶಿರಾಜ್ ತಂದುಬಿಡಿ. ಸ್ವಲ್ಪ ಜಾಸ್ತಿ ಕೊಡಬಲ್ಲಿರಾದರೆ ಅವರದೇ ಲಾ ರಿಸರ್ವ್. ಅದು ಓಕ್ ಪೀಪಾಯಿಯಲ್ಲಿ ಹದಗೊಂಡದ್ದು.

ಅಗ್ಗ ಅಂತ ಸಿಹಿ ಪೋರ್ಟ್ ವೈನ್ ಮಾತ್ರ ತರಬೇಡಿ. ಬೆಂಗಳೂರು ಬ್ಲೂ ದ್ರಾಕ್ಷಿ ತಿನ್ನಲು, ಜ್ಯೂಸ್ ಮಾಡಲು ಬಹಳ ಚೆನ್ನ. ಆದರೆ ಅದರಿಂದ ಮಾಡಿದ ಸಕ್ಕರೆ ಪಾನಕದಂಥ ವೈನ್ ಊಟದ ರುಚಿಯನ್ನೇ ಮುಚ್ಚಿಬಿಡುತ್ತದೆ. ಇನ್ನೊಂದು ಮಾತು, ಕಾರ್ಕ್ ಬದಲು ತಿರುಪು ಮುಚ್ಚಳ ಇದ್ದರೆ ಅದು ಕಳಪೆ ವೈನ್ ಅಂದುಕೊಳ್ಳಬೇಡಿ. ನಮ್ಮ ಸೆಕೆಗೆ ಅದೇ ವಾಸಿ.

ಬಾಟಲಿ ಅಂಗಡಿಯಲ್ಲಿ ಎಲ್ಲಿತ್ತು ಅಂತ ತಪ್ಪದೆ ನೋಡಿ. ಒಂದು ಅಂಗಡಿಯವರು ಗಾಜಿನ ಮುಂದೆ ಬಿಸಿಲಿನಲ್ಲಿ ನಿಲ್ಲಿಸಿದ್ದ ಬಾಟಲಿಯನ್ನೇ ನನಗೆ ಕೊಟ್ಟಿದ್ದರು. ಮನೆಯಲ್ಲಿ ತೆರೆದರೆ ಬೇಯಿಸಿದ ಒಣದ್ರಾಕ್ಷಿಯ ವಾಸನೆ. ಅವತ್ತಿನಿಂದ ನಾನು ಒಳಗಿನ ಶೆಲ್ಫಿನಿಂದಲೇ ಕೇಳಿ ತರುತ್ತೇನೆ. ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ದ್ರಾಕ್ಷಿ ಕೊಯ್ದ ವರ್ಷ ಇರುತ್ತದೆ. ಈ ಬೆಲೆಯ ವೈನ್‌ಗೆ ಮೂರು ವರ್ಷಕ್ಕಿಂತ ಜಾಸ್ತಿ ಹಳೆಯದು ಬೇಡ.

ಇನ್ನು ಲಾಗರ್. ಇದು ಜರ್ಮನ್ ಮಾತು, ಕೂಡಿಡುವುದು ಅಂತ ಅರ್ಥ. ತಣ್ಣಗಿನ ಜಾಗದಲ್ಲಿ ವಾರಗಟ್ಟಲೆ ಇಟ್ಟು ಹದ ಮಾಡಿದರೇ ಅದು ಲಾಗರ್. ಈಗಿನ ಜೆಕ್ ದೇಶದ ಪ್ಲ್ಜೆನ್ ಊರಿನಲ್ಲಿ 1842ರಲ್ಲಿ ಯೋಸೆಫ್ ಗ್ರೋಲ್ ಎಂಬಾತ ಮಾಡಿದ ಹೊಂಬಣ್ಣದ ಲಾಗರ್‌ನಿಂದ ಪಿಲ್ಸ್ನರ್ ಎಂಬ ಹೆಸರು ಬಂತು. ಸಾಂಪ್ರದಾಯಿಕ ಲಾಗರ್‌ಗೆ ನೀರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಮಾಲ್ಟ್, ಹಾಪ್ಸ್ ಎಂಬ ಕಹಿ ಹೂವು, ಯೀಸ್ಟ್ ಸಾಕು. ಅಕ್ಕಿ, ಸಕ್ಕರೆ ಸೇರಿಸಿದರೆ ಬಿಯರ್ ತೆಳ್ಳಗಾಗುತ್ತದೆ. ಹಾಗಾಗಿ ಚೀಟಿ ಓದಿ. ನನ್ನ ಸಲಹೆ ಹೈನಿಕೆನ್, ಅದೂ ಕ್ಯಾನ್. ಹಸಿರು ಬಾಟಲಿ ಬೇಡ, ಬೆಳಕು ತಾಗಿದರೆ ಹಾಪ್ಸ್ ಕೆಟ್ಟು ಗಬ್ಬು ವಾಸನೆ ಬರುತ್ತದೆ. ಕಂದು ಬಾಟಲಿ ಆ ಬೆಳಕನ್ನು ಬಹುಪಾಲು ತಡೆಯುತ್ತದೆ, ಕ್ಯಾನ್ ಪೂರ್ತಿ ತಡೆಯುತ್ತದೆ. ಇನ್ನೂ ಕಡಿಮೆ ಬೆಲೆಯಲ್ಲಿ ಬೇಕಾದರೆ ಕಿಂಗ್‌ಫಿಷರ್ ಪ್ರೀಮಿಯಂ ಆಗುತ್ತದೆ, ಆದರೆ ತಯಾರಾದ ದಿನಾಂಕ ನೋಡಿ, ಮೂರು ತಿಂಗಳೊಳಗಿನದು ತನ್ನಿ. ಸ್ಟ್ರಾಂಗ್ ಅಂತ ಬರೆದದ್ದು ಊಟದ ಜೊತೆಗೆ ಬೇಡವೇ ಬೇಡ. ಅಲ್ಲೇ ಬಿಯರ್ ಮಾಡಿ ಕೊಡುವ ಬೆಂಗಳೂರಿನ ಮೈಕ್ರೊಬ್ರೂವರಿಗಳಲ್ಲಿ ಹೆಲ್ಲೆಸ್ ಅಥವಾ ಪಿಲ್ಸ್ (ಪಿಲ್ಸ್ನರ್) ಎಂಬ ಲಾಗರ್ ಕಂಡರೆ ಬಿಡಬೇಡಿ. ಲಾಗರ್ ವಾರಗಟ್ಟಲೆ ಟ್ಯಾಂಕ್ ಹಿಡಿದಿಡುತ್ತದೆ, ಅದಕ್ಕೆ ಹೆಚ್ಚಿನ ಕಡೆ ಬೇಗ ತಯಾರಾಗುವ ಗೋಧಿ ಬಿಯರ್ ಇರುತ್ತದೆ.

ಈಗ ಎಲ್ಲರೂ ಎಡವುವ ಜಾಗ, ತಣಿಸುವುದು.

ರೆಡ್ ವೈನನ್ನು ರೂಮ್ ಟೆಂಪರೇಚರ್‌ನಲ್ಲಿ ಕೊಡಬೇಕು ಅನ್ನುತ್ತಾರೆ. ಅದು ಯುರೋಪಿನ ಹಳೇ ಕಲ್ಲಿನ ಮನೆಗಳ ರೂಮ್, 16ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಬೆಂಗಳೂರಿನ ಹಾಲ್ 30 ದಾಟುತ್ತದೆ, ಕಲಬುರಗಿಯ ಮಾತಂತೂ ಹೇಳಲೇಬೇಡಿ. ಆ ಬಿಸಿಗೆ ವೈನ್‌ನ ಹಣ್ಣಿನ ಪರಿಮಳ ಹಿಂದೆ ಸರಿದು ಮದ್ಯದ ಘಾಟು ಮೂಗಿಗೆ ಹೊಡೆಯುತ್ತದೆ. ಹಾಗಂತ ರಾತ್ರಿಯೆಲ್ಲ ಫ್ರಿಜ್‌ನಲ್ಲಿಟ್ಟು ಹಾಗೇ ಸುರಿದರೂ ತಪ್ಪು. ಜಾಸ್ತಿ ತಣ್ಣಗಾದರೆ ಒಗರು ಎದ್ದು ಕಾಣುತ್ತದೆ, ನಾಲಿಗೆ ಒಣಗುತ್ತದೆ. ಊಟಕ್ಕೆ ಒಂದು ಗಂಟೆ ಮುಂಚೆ ಫ್ರಿಜ್‌ಗೆ ಇಡಿ, ಫ್ರೀಜರ್‌ಗಲ್ಲ. ರಾತ್ರಿಯೇ ಇಟ್ಟುಬಿಟ್ಟಿದ್ದರೆ ಅರ್ಧ ಗಂಟೆ ಮುಂಚೆ ಹೊರಗೆ ತೆಗೆಯಿರಿ. ಥರ್ಮಾಮೀಟರ್ ಬೇಡ. ಬಾಟಲಿ ಮುಟ್ಟಿದರೆ ಮಣ್ಣಿನ ಹೂಜಿ ಮುಟ್ಟಿದ ಹಾಗಿರಬೇಕು. ಅಷ್ಟೇ ತಂಪು.

ನೆಂಟರು ಆಗಲೇ ಗೇಟಿನ ಹತ್ತಿರ ಬಂದಿದ್ದರೆ ಬಕೆಟ್ ತೆಗೆದುಕೊಳ್ಳಿ. ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಕಲ್ಲುಪ್ಪು. ಬರೀ ಐಸ್ ಹಾಕಿದರೆ ನಡುವೆ ಗಾಳಿ ಉಳಿಯುತ್ತದೆ, ತಂಪು ಬಾಟಲಿಗೆ ಸರಿಯಾಗಿ ತಾಗುವುದಿಲ್ಲ. ನೀರು ಸುತ್ತಲೂ ಅಂಟಿಕೊಂಡು ಬಿಸಿ ಎಳೆಯುತ್ತದೆ, ಉಪ್ಪು ಆ ನೀರನ್ನು ಸೊನ್ನೆಗಿಂತ ಕೆಳಗೆ ಇಳಿಸುತ್ತದೆ. ವೈನ್‌ಗೆ ಹತ್ತು ಹನ್ನೆರಡು ನಿಮಿಷ, ಬಿಯರ್‌ಗೆ ಇಪ್ಪತ್ತು.

ಬಿಯರ್ ಬೆಳಿಗ್ಗೆಯೇ ಫ್ರಿಜ್‌ಗೆ ಹೋಗಲಿ. ಐದಾರು ಡಿಗ್ರಿ ಇದ್ದರೆ ಸರಿ. ಫ್ರೀಜರ್‌ನಲ್ಲಿಟ್ಟು ಮರೆತರೆ ಬಾಟಲಿ ಒಡೆಯುತ್ತದೆ. ಲೋಟಕ್ಕೆ ಐಸ್ ಹಾಕುವವರು ದಯವಿಟ್ಟು ಬಿಡಿ, ಅಷ್ಟು ವಾರ ಹದವಾದದ್ದು ನೀರಾಗಿಬಿಡುತ್ತದೆ.

ಲೋಟದಲ್ಲಿ ಸೋಪಿನ ಜಿಡ್ಡು ಉಳಿದಿದ್ದರೆ ನೊರೆ ನಿಲ್ಲುವುದಿಲ್ಲ, ಚೆನ್ನಾಗಿ ಜಾಲಿಸಿ ಬೋರಲು ಹಾಕಿ. ಓರೆ ಹಿಡಿದು ಸುರಿಯಿರಿ, ಮುಕ್ಕಾಲು ತುಂಬಿದ ಮೇಲೆ ನೆಟ್ಟಗೆ ಮಾಡಿ. ಎರಡು ಬೆರಳು ನೊರೆ ಬರಲಿ. ನಮ್ಮಲ್ಲಿ ನೊರೆ ಕಂಡರೆ ಮೋಸ ಹೋದೆವು ಅಂದುಕೊಳ್ಳುತ್ತಾರೆ, ಅಲ್ವಾ? ಹಾಪ್ಸ್‌ನ ಪರಿಮಳ ಇರುವುದೇ ಅಲ್ಲಿ. ಗ್ಯಾಸ್ ಲೋಟದಲ್ಲೇ ಹೊರಟುಹೋಗುವುದರಿಂದ ಹೊಟ್ಟೆ ಉಬ್ಬರವೂ ಕಡಿಮೆ.

ಜೊತೆಗೆ ಏನು? ಕಾಂಗ್ರೆಸ್ ಕಡ್ಲೆಕಾಯಿ, ಕೋಳಿ ಕಬಾಬ್‌ಗೆ ಲಾಗರ್. ಕಾಳುಮೆಣಸಿನ ಮಟನ್ ಚಾಪ್ಸ್‌ಗೆ ರೆಡ್ ವೈನ್. ಮೆಣಸಿನಕಾಯಿ ಖಾರ ಜೋರಾದರೆ ವೈನ್‌ನ ಒಗರೂ ಜೋರಾಗುತ್ತದೆ, ಅಲ್ಲಿ ಬಿಯರೇ ಸರಿ. ಗಾಡಿ ಓಡಿಸುವವರಿಗೆ ಎರಡೂ ಕೊಡಬೇಡಿ, ಮಜ್ಜಿಗೆ ಮಾಡಿಡಿ.

ವೈನ್ ಉಳಿದರೆ ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಡಿ, ಮೂರು ದಿನದೊಳಗೆ ಮುಗಿಸಿ. ತೆರೆದ ಬಿಯರ್ ಮಾತ್ರ ನಾಳೆಗೆ ಇಡಬೇಡಿ, ಗ್ಯಾಸ್ ಹೋಗಿ ಸಪ್ಪೆಯಾಗಿರುತ್ತದೆ.